ಎಡಗಾಲ ಮೂಲೆಯ ಚೀಟಿ

ಫೆಬ್ರವರಿ ೯

ಲೆಕ್ಕದವಳೇ,

ಹರಿದು ಹಾಕುವುದಾದರೆ ಪೂರ್ತಿ ಓದಿದ ಮೇಲೆ ಹರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ಬರೆಯಲು ಎರಡು ದಿನ ಹಿಡಿದಿದೆ.

ನೀನು ಈ ಮನೆ ಬಿಟ್ಟು ಆರು ವರ್ಷ. ನಿನಗೂ ನನ್ನ ಮಗನಿಗೂ ಕೋರ್ಟಿನಲ್ಲಿ ಬಿಡುಗಡೆಯಾಗಿ ಐದು. ಆದ್ದರಿಂದ ನಾನೀಗ ನಿನ್ನ ಅತ್ತೆ ಅಲ್ಲ, ನೀನು ನನ್ನ ಸೊಸೆ ಅಲ್ಲ. ಹಾಸಿಗೆ ಅಂಗಡಿಯ ಮುದುಕಿಯೊಬ್ಬಳು ಕೆಲಸದ ಮೇಲೆ ಬರೆದಿದ್ದಾಳೆ ಎಂದುಕೊಂಡು ಓದು.

ಹೋದ ವಾರ ತೆರಿಗೆ ಕಚೇರಿಯವರು ಅಂಗಡಿ ಬಾಗಿಲಿಗೆ ಕಾಗದ ಅಂಟಿಸಿ ಹೋದರು. ಆರು ವರ್ಷದ ತೆರಿಗೆ ಬಾಕಿಯಂತೆ. ಅದಕ್ಕೆ ದಂಡ, ದಂಡದ ಮೇಲೆ ಬಡ್ಡಿ. ಏಪ್ರಿಲ್ ಹದಿನೈದರೊಳಗೆ ಕಟ್ಟದಿದ್ದರೆ ಅಂಗಡಿಯನ್ನೂ ಹತ್ತಿ ಹಿಂಜುವ ಯಂತ್ರವನ್ನೂ ಹರಾಜು ಹಾಕುತ್ತಾರೆ. ಅವರು ಬರೆದ ಮೊತ್ತ ನನ್ನ ಹತ್ತಿರ ಇದ್ದಿದ್ದರೆ ಈ ಬೀದಿಯನ್ನೇ ಕೊಂಡು ಎಲ್ಲರನ್ನೂ ಬಿಟ್ಟಿಯಾಗಿ ಮಲಗಿಸುತ್ತಿದ್ದೆ.

ನಾನೇ ಹೋಗಿ ಮಾತಾಡಿದೆ. ನಾನು ಮಾತಾಡುವುದು ಹೇಗೆಂದು ನಿನಗೆ ಗೊತ್ತಲ್ಲ. ಮೇಜು ಗುದ್ದಿದೆ, ಅಧಿಕಾರಿಯ ಶಾಯಿ ಅವರ ಕಡತದ ಮೇಲೆಯೇ ಚೆಲ್ಲಿತು. ಗುಮಾಸ್ತ ಹೊರಗೆ ಬಿಟ್ಟು ಹೇಳಿದ: "ಅಮ್ಮಾ, ನಿಮ್ಮ ಪರ ಮಾತಾಡೋಕೆ ತಿಳಿದವರನ್ನ ಯಾರನ್ನಾದ್ರೂ ಕಳಿಸಿ. ನೀವು ಮಾತ್ರ ದಯವಿಟ್ಟು ಬರಬೇಡಿ."

ಮೆಟ್ಟಿಲ ಮೇಲೆ ಕೋಟಿನವನೊಬ್ಬ ಕಾದು ನಿಂತಿದ್ದ. "ಒಳಗೆ ನನ್ನ ಮಾತು ನಡೆಯುತ್ತೆ, ಕಾಲು ಭಾಗಕ್ಕೆ ಮುಗಿಸಿಕೊಡ್ತೀನಿ," ಅಂದ. ಕಾಗದ ಬಿಡಿಸಿ ಸಹ ನೋಡಲಿಲ್ಲ. ನಾನು ಮುಂಗಡ ಕೊಟ್ಟೆ. ಈಗ ಅವನೂ ಇಲ್ಲ, ಕೋಟೂ ಇಲ್ಲ.

ನೀನು ಈಗ ಹೀಗೆ ಬಾಕಿ ಬಿದ್ದವರ ಪರ ಕಚೇರಿಯಲ್ಲಿ ನಿಂತು ಮಾತಾಡುವ ಕೆಲಸ ಮಾಡುತ್ತೀಯ ಎಂದು ನೂಲಿನ ಅಂಗಡಿಯವಳು ಹೇಳಿದಳು. ವಿಳಾಸವೂ ಅವಳೇ ಕೊಟ್ಟಳು.

ಇಷ್ಟು ವರ್ಷ ಆ ಕಚೇರಿಯಿಂದ ಕಾಗದಗಳು ಬರುತ್ತಲೇ ಇದ್ದವು. ಒಂದನ್ನೂ ಒಡೆದಿಲ್ಲ. ದಿಂಬಿನ ಚೀಲವೊಂದರಲ್ಲಿ ಹಾಕುತ್ತಾ ಬಂದೆ, ಈಗ ದಿಂಬು ಗಟ್ಟಿಯಾಗಿದೆ. ಯಾಕೆ ಒಡೆಯಲಿಲ್ಲ ಎಂದು ಕೇಳಬೇಡ. ಈ ಮನೆಯಲ್ಲಿ ಕಾಗದ ಒಡೆಯುವುದು ನಿನ್ನ ಕೆಲಸವಾಗಿತ್ತು.

ಹತ್ತಿ ಮಾತ್ರ ಹಿಂದಿನ ಹಾಗೆಯೇ ಹಾರುತ್ತದೆ. ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲಿ ನೋಡಿದರೆ ಇಡೀ ಅಂಗಡಿ ಯಾರದೋ ನಿದ್ದೆಯೊಳಗೆ ಇದ್ದ ಹಾಗೆ. ನಿನ್ನೆ ಅಲ್ಲೇ ಕೂತಲ್ಲೇ ಕಣ್ಣು ಮುಚ್ಚಿತು. ಹರಾಜಿನವರು ಯಂತ್ರ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೆ ಭಾರವೇ ಇರಲಿಲ್ಲ, ತೇಲಿಕೊಂಡು ಬಾಗಿಲು ದಾಟಿತು. ಕೂಗಲು ಹೋದೆ. ಬಾಯಿಂದ ಬರೀ ಹತ್ತಿ ಬಂತು.

ಬರುತ್ತೀಯೋ ಇಲ್ಲವೋ ಬರೆ. ಬರುವುದಿಲ್ಲ ಎಂದರೂ ಬರೆ.

ಹಾಸಿಗೆಯವಳು


ಫೆಬ್ರವರಿ ೧೭

ಹಾಸಿಗೆ ಅಂಗಡಿಯ ಮಾಲೀಕರಿಗೆ,

ನಿಮ್ಮ ಪತ್ರ ತಲುಪಿತು. ಹರಿದಿಲ್ಲ.

ಕೆಲಸ ಒಪ್ಪಿಕೊಳ್ಳುವ ಮೊದಲು ಕೆಲವು ಮಾತು ತಿಳಿಸಬೇಕು. ಕಾಗದ ನೋಡದೆ "ಇಷ್ಟಕ್ಕೆ ಮುಗಿಸುತ್ತೇನೆ" ಎನ್ನುವವರನ್ನು ಇನ್ನು ಮುಂದೆ ನಂಬಬೇಡಿ. ನಾನು ಹಾಗೆ ಹೇಳುವುದಿಲ್ಲ. ನೀವು ನಿಜವಾಗಿ ಕೊಡಬೇಕಾದ ತೆರಿಗೆ ಇದ್ದರೆ ಅದನ್ನು ಕೊಡಲೇಬೇಕು. ಕೊಡಬೇಕಾಗಿಲ್ಲದ್ದನ್ನು ಕೊಡದ ಹಾಗೆ ನೋಡಿಕೊಳ್ಳುವುದು ಮತ್ತು ಕೊಡಲು ಸಮಯ ಕೇಳುವುದು ನನ್ನ ಕೆಲಸ. ನನ್ನ ಪರವಾನಗಿಯ ಸಂಖ್ಯೆ ಈ ಕಾಗದದ ತಲೆಯಲ್ಲಿದೆ. ಕಚೇರಿಯ ಗುಮಾಸ್ತರನ್ನು ಕೇಳಿ ಅದು ಸರಿಯೇ ಎಂದು ನೋಡಿಕೊಳ್ಳಿ. ಕೋಟಿನವನನ್ನೂ ಹೀಗೇ ಕೇಳಬಹುದಿತ್ತು.

ಶುಲ್ಕ ಇದೆ. ಎಲ್ಲರಿಗೂ ಎಷ್ಟೋ ನಿಮಗೂ ಅಷ್ಟೇ, ರಸೀದಿ ಕೊಡುತ್ತೇನೆ.

ಜೊತೆಗೆ ಒಂದು ಅಧಿಕಾರ ಪತ್ರ ಇಟ್ಟಿದ್ದೇನೆ. ಈ ವಿಷಯದಲ್ಲಿ ನಾನು ಆಡುವ ಮಾತು ನೀವು ಆಡಿದ ಮಾತು ಎಂದು ಅದರ ಅರ್ಥ. ಒಪ್ಪಿಗೆಯಿದ್ದರೆ ಮಾತ್ರ ಸಹಿ ಮಾಡಿ. ಸಹಿ ಮಾಡಿದ ಮೇಲೆ ಕಚೇರಿಗೆ ನೀವು ಹೋಗಬಾರದು, ಬರೆಯಬಾರದು, ಫೋನಿನಲ್ಲಿ ಬಯ್ಯಬಾರದು. ದಿಂಬನ್ನು ಒಡೆಯದೆ ಹಾಗೆಯೇ ಕಳಿಸಿ.

ಇನ್ನೊಂದು ಮಾತು. ನಾನು ಹೊರಟ ದಿನ ಬೀದಿಯವರೆಲ್ಲ ಕೇಳುವ ಹಾಗೆ ನೀವು ಹೇಳಿದಿರಿ: "ಹೆಂಡತಿ ನೆಟ್ಟಗಿದ್ದಿದ್ರೆ ಗಂಡ ಯಾಕೆ ಇನ್ನೊಬ್ಬಳ ಮನೆ ಬಾಗಿಲು ತಟ್ತಿದ್ದ?" ಆಮೇಲೆ ನನ್ನ ಸಾಮಾನಿನ ವ್ಯಾನಿಗೆ ಒಬ್ಬರು ಮಲಗುವಷ್ಟೇ ಅಗಲದ ಹೊಸ ಹಾಸಿಗೆಯೊಂದನ್ನು ಎಸೆದಿರಿ. ಎರಡೂ ನೆನಪಿವೆ. ಅವು ಕೆಲಸಕ್ಕೆ ಅಡ್ಡ ಬರುವುದಿಲ್ಲ. ಆದರೆ ಮರೆತಿದ್ದೇನೆ ಎಂದು ನೀವು ತಿಳಿಯಬಾರದು, ಅದಕ್ಕೆ ಬರೆದೆ.

ಇತಿ,
ತೆರಿಗೆ ಸಲಹೆಗಾರ್ತಿ


ಮಾರ್ಚ್ ೨

ಲೆಕ್ಕದವಳೇ,

ಶುಲ್ಕ ಅಂತೆ. ಓದಿ ಅರ್ಧ ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮಾತಾಡಿದ್ದರೆ ಎದುರಿಗಿದ್ದವರ ಗತಿ ಏನಾಗುತ್ತಿತ್ತೋ. ಆಮೇಲೆ ಯೋಚಿಸಿದೆ, ನೆಂಟರಿಗೆ ಹಾಸಿಗೆ ಹೊಲಿದಾಗ ನಾನು ಯಾವತ್ತು ಒಂದು ಕಾಸು ಬಿಟ್ಟಿದ್ದೆ? ನಿನಗೆ ಆ ಬುದ್ಧಿ ನನ್ನಿಂದಲೇ ಬಂದಿರಬೇಕು. ಮೊದಲ ಕಂತು ಕಳಿಸಿದ್ದೇನೆ. ರಸೀದಿ ಕಳಿಸು.

ಗುಮಾಸ್ತನಿಗೆ ನಿನ್ನ ಸಂಖ್ಯೆ ತೋರಿಸಿದೆ. ಬಾಗಿಲ ಹೊರಗೇ ನಿಂತು ತೋರಿಸಿದೆ, ಒಳಗೆ ಹೋಗಲಿಲ್ಲ. "ಇವರಾ? ಇವರು ಬಂದ್ರೆ ನಮ್ಮ ಸಾಹೇಬ್ರು ಕನ್ನಡಕ ಒರೆಸಿಕೊಂಡು ಕೂರ್ತಾರೆ," ಅಂದ. ಒಳ್ಳೆಯದೋ ಕೆಟ್ಟದ್ದೋ ಕೇಳಲಿಲ್ಲ.

ಸಹಿ ಮಾಡಿದ್ದೇನೆ. ಮಾಡುವಾಗ ಕೈ ತಡೆಯಿತು. ಐವತ್ತು ವರ್ಷ ನನ್ನ ಮಾತು ನಾನೇ ಆಡಿದವಳು. ಗಂಡ ಸತ್ತಾಗ ಹತ್ತಿ ವ್ಯಾಪಾರಿ ಜೊತೆ ನಾನೇ ಆಡಿದೆ, ಬಾಡಿಗೆಯವನ ಜೊತೆ ನಾನೇ ಆಡಿದೆ, ಎದುರಿಗೆ ದೊಡ್ಡ ಕಾರ್ಖಾನೆ ಬಂದಾಗ ಅದರ ಮ್ಯಾನೇಜರ್ ಜೊತೆ ನಾನೇ ಆಡಿದೆ. ಈಗ ಒಂದು ಹಾಳೆಯ ಮೇಲೆ ನನ್ನ ಬಾಯಿ ಬಿಚ್ಚಿ ನಿನ್ನ ಕೈಗೆ ಕೊಟ್ಟ ಹಾಗಾಯಿತು. ಸಹಿ ಹಾಕಿದ ಮೇಲೆ ಅಂಗಡಿಯಲ್ಲಿ ಎಂಥ ಮೌನ ಅಂತೀಯ. ಯಂತ್ರ ಓಡುತ್ತಿದ್ದರೂ ಮೌನ.

ದಿಂಬು ಕಳಿಸುತ್ತಿದ್ದೇನೆ. ಅಂಚೆಯವನು ಹಿಚುಕಿ ನೋಡಿ, "ಎಂಥ ಗಟ್ಟಿ ದಿಂಬಮ್ಮ, ಇದರ ಮೇಲೆ ಯಾರು ಮಲಗ್ತಾರೆ?" ಅಂದ. ಆರು ವರ್ಷ ನಾನು ಮಲಗಿದ್ದೇನೆ ಅಂದೆ.

ವ್ಯಾನಿನ ಹಾಸಿಗೆಯ ವಿಷಯ ಬರೆದಿದ್ದೀಯ. ಎಸೆಯಲಿಲ್ಲ, ಇಟ್ಟೆ. ಬೇಕಾದರೆ ವ್ಯಾನಿನವನನ್ನು ಕೇಳು.

ಹಾಸಿಗೆಯವಳು


ಮಾರ್ಚ್ ೨೩

ಹಾಸಿಗೆ ಅಂಗಡಿಯ ಮಾಲೀಕರಿಗೆ,

ರಸೀದಿ ಇದರೊಂದಿಗಿದೆ.

ದಿಂಬಿನಲ್ಲಿ ನಲವತ್ತೊಂದು ಪತ್ರಗಳಿದ್ದವು. ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲನೆಯದು ತುಂಬ ಸಾಧಾರಣ ಪತ್ರ. "ಈ ವರ್ಷದ ಲೆಕ್ಕ ಬಂದಿಲ್ಲ, ದಯವಿಟ್ಟು ಕಳಿಸಿ," ಅಷ್ಟೇ. ಒಂದು ಹಾಳೆ ತುಂಬಿಸಿ ಕಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅದರ ಮೇಲಿನ ಅಂಚೆಯ ಮುದ್ರೆ ನೋಡಿದೆ. ನಾನು ಹೋದ ಮೂರನೇ ದಿನದ್ದು.

ನಿಮ್ಮ ಕಡೆಯಿಂದ ಉತ್ತರವೇ ಬಾರದ್ದರಿಂದ ಅವರು ಅಂದಾಜು ಮಾಡಿದ್ದಾರೆ. ಎದುರಿನ ಕಾರ್ಖಾನೆಯಲ್ಲಿ ಅದೇ ಬಗೆಯ ಯಂತ್ರ ದಿನಕ್ಕೆ ನಾಲ್ಕು ಹಾಸಿಗೆಯ ಹತ್ತಿ ಹಿಂಜುತ್ತದೆ. ಆದ್ದರಿಂದ ನಿಮ್ಮದೂ ದಿನಕ್ಕೆ ನಾಲ್ಕು ಎಂದು ಬರೆದುಕೊಂಡಿದ್ದಾರೆ. ನೀವು ಎರಡು ದಿನಕ್ಕೊಂದು ಹೊಲಿದರೆ ಹೆಚ್ಚು. ಆದರೆ "ಹೊಲಿದರೆ ಹೆಚ್ಚು" ಎಂದು ನಾನು ಬಾಯಲ್ಲಿ ಹೇಳಿದರೆ ಸಾಲದು.

ಕಚೇರಿಗೆ ಹೋಗಿದ್ದೆ. ಅಧಿಕಾರ ಪತ್ರ ಕೊಟ್ಟು, ಕಡತದ ಪ್ರತಿ ಪಡೆದು, ಅಂದಾಜನ್ನು ಮತ್ತೆ ಪರಿಶೀಲಿಸಬೇಕೆಂದು ಅರ್ಜಿ ಹಾಕಿದೆ. ಅದು ತೀರುವ ತನಕ ಹರಾಜು ನಿಲ್ಲಿಸಿದ್ದಾರೆ. ಕಡತದ ಮೇಲೆ ಶಾಯಿಯ ದೊಡ್ಡ ಕಲೆಯಿದೆ. ಅಧಿಕಾರಿಗಳು ಅದನ್ನು ನನಗೆ ಎರಡು ಸಲ ತೋರಿಸಿದರು.

ನಾನು ಹೋದ ಮೇಲೆ ನೀವು ಲೆಕ್ಕದ ಪುಸ್ತಕ ಇಟ್ಟಿರಲಾರಿರಿ. ಪುಸ್ತಕ ಇಲ್ಲದಿರಬಹುದು, ಚೀಟಿಗಳಿವೆಯಲ್ಲ? ಪ್ರತಿ ಹಾಸಿಗೆಯ ಎಡಗಾಲ ಮೂಲೆಯಲ್ಲಿ ತಾರೀಖು, ಯಾರಿಗೆ, ಎಷ್ಟು ಹತ್ತಿ, ಏನು ಬೆಲೆ ಎಂದು ಬರೆದು ಹೊಲಿದುಬಿಡುತ್ತಿದ್ದಿರಿ. ನಿಮ್ಮ ತಂದೆಯಿಂದ ಬಂದ ಪದ್ಧತಿ ಎಂದು ನನಗೆ ಹೇಳಿದ್ದಿರಿ. ಐದು ವರ್ಷಕ್ಕೆ ಹಾಸಿಗೆ ಹಿಂಜಲು ವಾಪಸು ಬಂದಾಗ ಹಳೆಯ ತೂಕ ತಿಳಿಯಲಿ ಎಂದು. ಅವೇ ನಿಮ್ಮ ಲೆಕ್ಕದ ಪುಸ್ತಕ. ಊರೆಲ್ಲ ಅದರ ಮೇಲೆ ಮಲಗಿದೆ. ಸಿಕ್ಕಷ್ಟು ತೆಗೆದು ಕಳಿಸಿ. ಹತ್ತಿ ವ್ಯಾಪಾರಿಯಿಂದ ಆರು ವರ್ಷದ ಬಿಲ್ಲುಗಳ ಪ್ರತಿಯನ್ನು ನಾನೇ ಕೇಳಿ ಪಡೆಯುತ್ತೇನೆ.

ಚೀಟಿಗಳನ್ನು ಕತ್ತರಿಸಬೇಡಿ, ತಿದ್ದಬೇಡಿ. ಮುಂಬದಿ, ಹಿಂಬದಿ ಎರಡೂ ಹಾಗೆಯೇ ಬೇಕು.

ಇತಿ,
ತೆರಿಗೆ ಸಲಹೆಗಾರ್ತಿ


ಏಪ್ರಿಲ್ ೩೦

ಲೆಕ್ಕದವಳೇ,

ಹಿಂಬದಿಯಲ್ಲಿ ಬರಹ ಇದೆ ಎಂದು ನಿನಗೆ ಯಾರು ಹೇಳಿದರು? ನೀನು ಮನೆಯಲ್ಲಿದ್ದಾಗ ಮುಂಬದಿ ನೀನೇ ಎಷ್ಟೋ ಸಲ ಬರೆದುಕೊಟ್ಟಿದ್ದೀಯ. ಹಿಂಬದಿ ನಾನು ಬಾಗಿಲು ಮುಚ್ಚಿಕೊಂಡು ಬರೆಯುತ್ತಿದ್ದದ್ದು. ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಇರಲಿ. ಗೊತ್ತಾದ ಮೇಲೆ ಮುಚ್ಚಿಟ್ಟು ಏನು? ಅಪ್ಪ ಹೇಳಿಕೊಟ್ಟಿದ್ದು. ಹಾಸಿಗೆ ಮುಗಿದ ಮೇಲೆ, ಅದರ ಮೇಲೆ ಮಲಗುವವರನ್ನು ನೆನೆದು ಒಂದು ಮಾತು ಬರೆಯಬೇಕು. ಅದನ್ನು ಅವರಿಗೆ ಹೇಳಬಾರದು. ಹೇಳಿದರೆ ಮಾತಾಗುತ್ತದೆ, ಹೇಳದಿದ್ದರೆ ನಿದ್ದೆಯಾಗುತ್ತದೆ, ಅನ್ನುತ್ತಿದ್ದ. ಅವನಿಗೂ ಸ್ವಲ್ಪ ತಿಕ್ಕಲು.

ಈ ತಿಂಗಳೆಲ್ಲ ಬಾಗಿದ ಸೂಜಿ, ಕತ್ತರಿ ಹಿಡಿದು ಮನೆ ಮನೆ ತಿರುಗಿದೆ. ಇಷ್ಟು ವರ್ಷ ಹಾಸಿಗೆ ಕೊಟ್ಟು ಬಂದಿದ್ದೇನೆ, ಅದು ಹಾಸಿದ ಮೇಲೆ ನೋಡಿದ್ದೇ ಇಲ್ಲ. ಜನರ ಮಲಗುವ ಕೋಣೆಗಳೆಂದರೆ ಬೇರೆಯೇ ಊರು. ಹೊರಗೆ ಜೋರಾಗಿ ಮಾತಾಡುವವರು ಅಲ್ಲಿ ಪಿಸುಗುಡುತ್ತಾರೆ. ಪರದೆ ಎಳೆದಿರುತ್ತದೆ, ಬೆಳಕು ಹಾಲಿನ ಹಾಗಿರುತ್ತದೆ. ನಾನು ಮಂಡಿಯೂರಿ ಎಡಗಾಲ ಮೂಲೆ ತಡವಿದರೆ, ಒಳಗೆ ಚೀಟಿ ಒಣ ಎಲೆಯ ಹಾಗೆ ಸದ್ದು ಮಾಡುತ್ತದೆ. ನಾಲ್ಕು ಹೊಲಿಗೆ ಬಿಚ್ಚಿ, ತೆಗೆದು, ಮತ್ತೆ ನಾಲ್ಕು ಹೊಲಿಗೆ. ಕೆಲವು ಮನೆಗಳಲ್ಲಿ ಹೊಲಿದು ಎದ್ದಾಗ ಹೊತ್ತು ಎಷ್ಟಾಯಿತೆಂದೇ ತಿಳಿಯುತ್ತಿರಲಿಲ್ಲ.

ಬ್ರೆಡ್ಡು ಬೇಯಿಸುವವನು ಹಗಲು ಮಲಗುತ್ತಾನಲ್ಲ, ಅವನನ್ನು ಎಬ್ಬಿಸಲಿಲ್ಲ. ಅವನು ಮಲಗಿದ್ದಾಗಲೇ ಕಾಲ ಬುಡದಲ್ಲಿ ಕೂತು ತೆಗೆದೆ. ನಿದ್ದೆಯಲ್ಲೇ "ಇನ್ನೂ ಉಬ್ಬಿಲ್ಲ," ಅಂದ. "ಉಬ್ಬುತ್ತೆ, ಮಲಗು," ಅಂದೆ.

ರೈಲು ಓಡಿಸುತ್ತಿದ್ದ ಮುದುಕ ಚೀಟಿ ಓದಲೇಬೇಕೆಂದು ಹಟ ಹಿಡಿದ. ಕೊಟ್ಟೆ. ಹಿಂದೆ ಬರೆದಿದ್ದೆ: "ಇವನ ನಿದ್ದೆಯಲ್ಲಿ ಗಾಡಿ ನಿಲ್ಲಲಿ." ಹಾಸಿಗೆ ಮಾಡಿಸಲು ಬಂದಾಗ, ಮಲಗಿದರೂ ಮೈ ಓಡುತ್ತಲೇ ಇರುತ್ತದೆ ಎಂದಿದ್ದ. ಅವನು ಎರಡು ಸಲ ಓದಿ, ಹಾಸಿಗೆ ತುದಿಯಲ್ಲಿ ಕೂತ. "ನಿಂತಿಲ್ಲಮ್ಮ. ಆದ್ರೆ ಈಚೆಗೆ ನಿಧಾನ ಆಗಿದೆ. ಯಾವುದೋ ಸ್ಟೇಷನ್ ಬರ್ತಾ ಇದೆ." ಆಮೇಲೆ ಕಣ್ಣು ಕಿರಿದು ಮಾಡಿ, "ನನಗೆ ಆವತ್ತು ಅಷ್ಟೊಂದು ಬೈದಿದ್ದೆ, ಮುಂಗಡ ಕಡಿಮೆ ಕೊಟ್ಟೆ ಅಂತ. ಇದನ್ನ ಬರೆದವಳೂ ನೀನೇನಾ?" ಅಂದ.

ಇದೇ ನೋಡು ಅವಮಾನ. ಅಂಗಡಿ ಹೋದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಐವತ್ತು ವರ್ಷ ಕಷ್ಟಪಟ್ಟು ಬಜಾರಿ ಅನ್ನಿಸಿಕೊಂಡಿದ್ದೆ.

ಒಟ್ಟು ಇನ್ನೂರ ಹನ್ನೆರಡು ಚೀಟಿ. ಕಳಿಸಿದ್ದೇನೆ. ಹಿಂಬದಿ ಓದಬೇಡ ಅಂದರೂ ಓದುತ್ತೀಯ. ಓದಿ ನಗಬೇಡ.

ನಿನ್ನ ಹಾಸಿಗೆಯಲ್ಲೂ ಒಂದಿದೆ. ಅದನ್ನು ಬಿಚ್ಚಬೇಡ. ಅದು ಮಾರಿದ್ದಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಐದು ವರ್ಷಕ್ಕೆ ಹಿಂಜಲು ತರುತ್ತೀಯ, ಆಗ ನಾನೇ ಬಿಚ್ಚುತ್ತೇನೆ ಅಂದುಕೊಂಡಿದ್ದೆ. ಎಲ್ಲರೂ ತರುತ್ತಾರೆ. ನೀನು ತರಲಿಲ್ಲ.

ಹಾಸಿಗೆಯವಳು


ಜೂನ್ ೧೧

ಅಮ್ಮನವರಿಗೆ,

ನಗಲಿಲ್ಲ.

ಇನ್ನೂರ ಹನ್ನೆರಡು ಚೀಟಿಗಳಲ್ಲಿ ಬರೆದ ತೂಕದ ಸರಾಸರಿ ತೆಗೆದರೆ ಒಂದು ಹಾಸಿಗೆಗೆ ಎಷ್ಟು ಹತ್ತಿ ಹೋಗುತ್ತದೆ ಎಂದು ತಿಳಿಯುತ್ತದೆ. ಆರು ವರ್ಷದಲ್ಲಿ ನೀವು ಕೊಂಡ ಒಟ್ಟು ಹತ್ತಿ ವ್ಯಾಪಾರಿಯ ಬಿಲ್ಲಿನಲ್ಲಿದೆ. ಭಾಗಿಸಿದೆ. ಎರಡೂವರೆ ದಿನಕ್ಕೊಂದು ಹಾಸಿಗೆ. ದಿನಕ್ಕೆ ನಾಲ್ಕು ಹೊಲಿಯುವಷ್ಟು ಹತ್ತಿ ನಿಮ್ಮ ಅಂಗಡಿಗೆ ಬಂದೇ ಇಲ್ಲ. ಬಿಟ್ಟುಹೋದ ಆರೂ ವರ್ಷದ ಲೆಕ್ಕವನ್ನು ಬರೆದು ಸಲ್ಲಿಸಿದ್ದೇನೆ.

ವಿಚಾರಣೆ ಜುಲೈ ಒಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ಚೀಟಿ ಬರೆದವರು ಎದುರಿಗಿರಬೇಕು ಎಂದಿದ್ದಾರೆ, ಬನ್ನಿ. ಕೈಬರಹ ನಿಮ್ಮದೇ ಎಂದು ಕೇಳಿದರೆ "ಹೌದು" ಎನ್ನಿ. ಅದೊಂದು ಬಿಟ್ಟು ಏನೂ ಬೇಡ. ಅವರು ಏನೇ ಅಂದರೂ, ನಾನು ಏನೇ ಅಂದರೂ, ಬಾಯಿ ತೆರೆಯಬೇಡಿ.

ಇತಿ,
ಲೆಕ್ಕದವಳು


ಜುಲೈ ೧೪

ಲೆಕ್ಕದವಳೇ,

ಐದು ದಿನವಾಯಿತು. ಆ ಕೋಣೆ ಇನ್ನೂ ಕಣ್ಣೆದುರಿಗೇ ಇದೆ. ಎಲ್ಲ ಕಡೆ ಕಡತ, ದಾರ ಕಟ್ಟಿ, ಉಬ್ಬಿಕೊಂಡು, ಹಿಂಜದ ಹಾಸಿಗೆಗಳ ಹಾಗೆ. ಮೇಲೆ ಫ್ಯಾನು ಸುತ್ತುವುದೋ ಬೇಡವೋ ಎಂಬಂತೆ ಸುತ್ತುತ್ತಿತ್ತು. ನೀನು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತೆ. ಆರು ವರ್ಷದ ಮೇಲೆ ನೋಡಿದೆ. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿವೆ. ಹತ್ತಿ ಅಂಟಿದೆ ಅಂದುಕೊಂಡು ತೆಗೆಯಲು ಕೈ ಎತ್ತಿದೆ. ಆಮೇಲೆ ಕೆಳಗಿಟ್ಟೆ.

ನೀನು ಮಾತಾಡಿದ್ದು ಕೇಳಿದೆ. ಮೇಜು ಗುದ್ದಲಿಲ್ಲ, ದನಿ ಏರಿಸಲಿಲ್ಲ. "ನನ್ನ ಕಕ್ಷಿದಾರರು ಪತ್ರಗಳಿಗೆ ಉತ್ತರ ಕೊಡದಿದ್ದದ್ದು ತಪ್ಪು. ಅದನ್ನು ಅವರು ಒಪ್ಪುತ್ತಾರೆ," ಅಂದೆ. ನಾನು ಯಾವಾಗ ಒಪ್ಪಿದೆ? ಹೇಳಲು ಬಾಯಿ ತೆರೆಯುವಷ್ಟರಲ್ಲಿ ನೀನು ನನ್ನ ಕಾಲು ತುಳಿದೆ. ಹಿಮ್ಮಡಿ ಚೂಪಾಗಿತ್ತು. ಸುಮ್ಮನಾದೆ. ಸುಮ್ಮನೆ ಕೂತ ಮೇಲೆ ಅನ್ನಿಸಿತು, ಹೌದಲ್ಲ, ಒಪ್ಪಿದ್ದೇನೆ ಅಂತ.

ನಾನು ಹೇಳಲಾರದ್ದು ನಿನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು. ಎಲ್ಲ ಅದರಿಂದಲೇ ಹೇಳಿಸಿಬಿಡಬಹುದಾಗಿದ್ದರೆ ಅನ್ನಿಸಿತು.

ಅಧಿಕಾರಿ ಚೀಟಿಗಳನ್ನು ಒಂದೊಂದೇ ತಿರುಗಿಸಿದರು. ಮೊದಲು ಮುಂಬದಿ ಮಾತ್ರ. ಆಮೇಲೆ ಹಿಂಬದಿಯೂ. ಗುಮಾಸ್ತ ಬಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದ. "ಇವಳಿಗೆ ಅಮ್ಮನ ದನಿ ಕೇಳಲಿ." "ಇವನು ಮಗ್ಗುಲಾದಾಗ ಜಾಗ ಖಾಲಿ ಅನ್ನಿಸದಿರಲಿ." ಕೋಣೆಯಲ್ಲಿ ಬರೀ ಕಾಗದ ತಿರುಗುವ ಸದ್ದು, ಫ್ಯಾನಿನ ಸದ್ದು. ಎಷ್ಟು ಹೊತ್ತು ಹಾಗಿದ್ದೆವು? ನನಗೆ ಒಂದು ಇಡೀ ಮಧ್ಯಾಹ್ನ ಅನ್ನಿಸಿತು. ಊರಿನವರ ನಿದ್ದೆಯೆಲ್ಲ ಆ ಮೇಜಿನ ಮೇಲೆ ಹರಡಿ ಬಿದ್ದಿತ್ತು.

"ಈ ಕೈಬರಹ ನಿಮ್ಮದಾ?" ಅಂದರು. "ಹೌದು," ಅಂದೆ. ಆಮೇಲೆ ಅವರು ಕನ್ನಡಕ ತೆಗೆದು, "ಶಾಯಿ ಚೆಲ್ಲಿದ್ದೂ ನೀವೇನಾ?" ಅಂದರು. ಅದಕ್ಕೂ ಹೌದು ಅಂದೆ. ಅದು ನಿನ್ನ ಪಟ್ಟಿಯಲ್ಲಿರಲಿಲ್ಲ. ಬಿಡು.

ಹೊರಗೆ ಬಂದ ಮೇಲೆ ಬಸ್ ನಿಲ್ದಾಣದ ತನಕ ಜೊತೆಗೆ ನಡೆದೆವು. ನಿನ್ನ ಬಸ್ಸು ಬಂತು. ನೀನು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟೆ. ನೀನು ಏನನ್ನೋ ಕಾಯುತ್ತಿದ್ದೆ. ಬಾಯಿ ತೆರೆಯಬೇಡಿ ಅಂದಿದ್ದೆಯಲ್ಲ, ನಾನು ತೆರೆಯಲಿಲ್ಲ. ಹಾಗೆ ಅಂದುಕೊಂಡರೆ ತಪ್ಪು ನಿನ್ನ ಮೇಲೆ ಹಾಕಿ ಸುಮ್ಮನಿರಬಹುದು. ಮೂರನೇ ಬಸ್ಸಿಗೆ ನೀನು ಹತ್ತಿದೆ. ಕಿಟಕಿಯಿಂದ ನೋಡಲಿಲ್ಲ.

ಹಾಸಿಗೆಯವಳು


ಸೆಪ್ಟೆಂಬರ್ ೫

ಅಮ್ಮನವರಿಗೆ,

ಆದೇಶ ಬಂದಿದೆ. ಪ್ರತಿ ಇಟ್ಟಿದ್ದೇನೆ. ಅಂದಾಜನ್ನು ರದ್ದು ಮಾಡಿ ಚೀಟಿಗಳ ಲೆಕ್ಕವನ್ನು ಒಪ್ಪಿದ್ದಾರೆ. ಮೊದಲು ಬರೆದ ಮೊತ್ತದ ಹತ್ತರಲ್ಲೊಂದು ಭಾಗವೂ ಇಲ್ಲ. ಆರು ವರ್ಷ ಉತ್ತರ ಕೊಡದಿದ್ದದ್ದಕ್ಕೆ ಸ್ವಲ್ಪ ದಂಡ ಉಳಿದಿದೆ, ಅದು ನ್ಯಾಯವೇ. ಎರಡು ವರ್ಷದ ತಿಂಗಳ ಕಂತು. ಪ್ರತಿ ತಿಂಗಳ ಐದನೇ ತಾರೀಖು ತಪ್ಪಬಾರದು. ಅಂಗಡಿ, ಯಂತ್ರ ಎರಡೂ ನಿಮ್ಮವೇ. ಬಾಗಿಲಿನ ಕಾಗದವನ್ನು ಕಿತ್ತುಹಾಕಬಹುದು.

ಇನ್ನು ಮುಂದೆ ಬರುವ ಪತ್ರಗಳನ್ನು ಒಡೆಯಿರಿ. ಒಡೆಯಲಾಗದಿದ್ದರೆ ನನಗೆ ಕಳಿಸಿ. ದಿಂಬಿಗೆ ಹಾಕಬೇಡಿ.

ಶುಲ್ಕದ ಕೊನೆಯ ಭಾಗ ತಲುಪಿತು, ರಸೀದಿ ಇದೆ. ಇಲ್ಲಿಗೆ ಆ ಅಧಿಕಾರ ಪತ್ರದ ಕೆಲಸ ಮುಗಿಯಿತು. ನಿಮ್ಮ ಪರವಾಗಿ ನಾನು ಆಡಬೇಕಾದ ಮಾತು ಇನ್ನು ಉಳಿದಿಲ್ಲ.

ಸಾಮಾನಿನ ಗಾಡಿಯಲ್ಲಿ ಒಂದು ಹಾಸಿಗೆ ಕಳಿಸಿದ್ದೇನೆ. ಹತ್ತಿ ಗಂಟು ಕಟ್ಟಿದೆ. ಹಿಂಜಿಕೊಡಿ. ಕೂಲಿ ಎಷ್ಟೆಂದು ತಿಳಿಸಿ, ಬಿಲ್ಲು ಬೇಕು.

ಇತಿ,
ಲೆಕ್ಕದವಳು


ಸೆಪ್ಟೆಂಬರ್ ೧೨

ಹುಡುಗೀ,

ಹಾಸಿಗೆ ಮೊನ್ನೆ ಮಧ್ಯಾಹ್ನ ಬಂತು. ಮಂಡಿಯೂರಿ ಎಡಗಾಲ ಮೂಲೆಗೆ ಕೈ ಹಾಕಿದೆ. ಹಾಕಿದ ಕೂಡಲೇ ಗೊತ್ತಾಯಿತು. ಅದು ನನ್ನ ಹೊಲಿಗೆಯಲ್ಲ. ನನ್ನ ಹೊಲಿಗೆ ಅಕ್ಕಿಕಾಳಿನ ಹಾಗಿರುತ್ತದೆ. ಇದು ಒಂದು ಉದ್ದ, ಒಂದು ಗಿಡ್ಡ, ನಡುವೆ ಗಂಟು. ಎಂಟು ವರ್ಷ ನನ್ನ ಮನೆಯಲ್ಲಿದ್ದೂ ನಿನಗೆ ನೆಟ್ಟಗೆ ಹೊಲಿಯಲು ಬರಲಿಲ್ಲ.

ಬಿಚ್ಚಿದೆ. ಎರಡು ಚೀಟಿ.

ಒಂದು ನನ್ನದು. ತಾರೀಖು, ನೀನು ಹೋದ ದಿನದ್ದು. ಬೆಲೆ: ಇಲ್ಲ. ಹಿಂಬದಿ: "ತಪ್ಪು ನನ್ನ ಮಗನದು. ಬೀದಿಯಲ್ಲಿ ಹೇಳಿದ್ದು ಸುಳ್ಳು." ವ್ಯಾನು ಬಾಗಿಲಲ್ಲಿ ನಿಂತಿತ್ತು, ನೀನು ಒಳಗೆ ಬಟ್ಟೆ ಮಡಚುತ್ತಿದ್ದೆ, ನಾನು ಹೊರಗೆ ಕೂಗಾಡಿ ಬಂದು ಅಂಗಡಿಯ ಬಾಗಿಲು ಹಾಕಿಕೊಂಡು ಇದನ್ನು ಬರೆದೆ. ಹೆತ್ತವಳ ಬಾಯಿಗೆ ಅದು ಬರಲಿಲ್ಲ. ಕೈಗೆ ಬಂತು.

ಇನ್ನೊಂದು ನಿನ್ನ ಅಕ್ಷರ. ತಾರೀಖು ಅದಾದ ಹನ್ನೊಂದನೇ ದಿನದ್ದು. "ಓದಿದೆ. ಬೀದಿಯಲ್ಲಿ ಆಡಿದ್ದನ್ನು ಹಾಸಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಸಾಲದು."

ಹನ್ನೊಂದನೇ ದಿನಕ್ಕೇ ಓದಿದ್ದೀಯ. ಓದಿ, ಉತ್ತರ ಬರೆದು, ಹೊಲಿದು, ಅದರ ಮೇಲೇ ಆರು ವರ್ಷ ಮಲಗಿದ್ದೀಯ. ನಾನು ನಿನ್ನ ಹಾಸಿಗೆ ಬರುತ್ತದೆ ಅಂತ ಕಾದೆ, ನೀನು ನನ್ನ ಮಾತು ಬರುತ್ತದೆ ಅಂತ ಕಾದೆ. ಹಿಂಬದಿಯ ವಿಷಯ ಯಾರು ಹೇಳಿದರು ಅಂತ ನಿನ್ನನ್ನೇ ಕೇಳಿದ್ದೆನಲ್ಲ, ಎಂಥ ಪೆದ್ದಿ ನಾನು. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಯಾಕೆ ಬಿಟ್ಟೆ ಅಂತ ಈಗ ತಿಳಿಯಿತು.

ನನಗೆ ತಾಳ್ಮೆ ಎಲ್ಲಿದೆ. ಚೀಟಿ ಕೈಯಲ್ಲಿ ಹಿಡಿದು ಹಾಗೇ ಬೀದಿಗೆ ಹೋದೆ. ನೀನು ಹೊರಟ ದಿನ ನಾನು ನಿಂತಿದ್ದ ಕಡೆಯೇ, ನೂಲಿನ ಅಂಗಡಿಯ ಮುಂದೆ ನಿಂತು ಕೂಗಿದೆ. "ಅವಳದ್ದು ಏನೂ ತಪ್ಪಿರಲಿಲ್ಲ! ತಪ್ಪು ನನ್ನ ಮಗಂದು! ಅವತ್ತು ನಾನು ಹೇಳಿದ್ದು ಸುಳ್ಳು!" ಮಧ್ಯಾಹ್ನ ಮೂರು ಗಂಟೆ. ಬೀದಿಗೆ ಬೀದಿಯೇ ಮಲಗಿತ್ತು, ನಾನು ಹೊಲಿದ ಹಾಸಿಗೆಗಳ ಮೇಲೆ. ಅಷ್ಟು ಚೆನ್ನಾಗಿ ಯಾಕೆ ಹೊಲಿದೆನೋ ಅನ್ನಿಸಿತು. ಬಿಸಿಲು ಬೆಳ್ಳಗೆ ಬಿದ್ದಿತ್ತು, ನನ್ನ ಸೀರೆಯಿಂದ ಹತ್ತಿ ಎದ್ದು ಗಾಳಿಯಲ್ಲಿ ತೇಲುತ್ತಿತ್ತು. ಇದೂ ಆವತ್ತಿನ ಹಾಗೆ ಕನಸೋ, ದನಿ ಬಂತೋ, ಹತ್ತಿ ಬಂತೋ ಎಂದು ಒಂದು ಕ್ಷಣ ಹೆದರಿದೆ. ಇನ್ನೊಂದು ಸಲ ಕೂಗಿದೆ.

ಒಂದು ಕಿಟಕಿ ತೆರೆಯಿತು, ಆಮೇಲೆ ಇನ್ನೊಂದು. ಬ್ರೆಡ್ಡಿನವನು ಹೊದಿಕೆ ಸುತ್ತಿಕೊಂಡೇ ಬಾಗಿಲಿಗೆ ಬಂದ. ನೂಲಿನ ಅಂಗಡಿಯವಳು ಕೈಯಲ್ಲಿದ್ದ ಉಂಡೆ ಬೀಳಿಸಿದಳು. ರೈಲಿನ ಮುದುಕ ಮಹಡಿಯಿಂದ ಬಗ್ಗಿ, "ಯಾರಿಗಮ್ಮ ಹೇಳ್ತಾ ಇದ್ದೀಯ?" ಅಂದ.

"ಅವಳಿಗೆ."

"ಅವಳು ಇಲ್ಲಿಲ್ಲವಲ್ಲ!"

ಅದೂ ನಿಜ. ಬೀದಿಯವರೆಲ್ಲ ಕೇಳಿಸಿಕೊಂಡರು. ಕೇಳಬೇಕಾದವಳು ಒಬ್ಬಳು ಬಾಕಿ.

ನನ್ನ ಪರವಾಗಿ ಆಡಬೇಕಾದ ಮಾತು ಉಳಿದಿಲ್ಲ ಅಂತ ಬರೆದಿದ್ದೀಯ. ಸರಿಯಾಗಿಯೇ ಬರೆದಿದ್ದೀಯ. ಈ ಮಾತಿಗೆ ನಿನ್ನ ಆ ಹಾಳೆಯೂ ನಡೆಯುವುದಿಲ್ಲ, ನನ್ನ ಚೀಟಿಯೂ ನಡೆಯುವುದಿಲ್ಲ. ಬಾ. ನೂಲಿನ ಅಂಗಡಿಯ ಮುಂದೆ ನಿಲ್ಲು. ಮೂರನೇ ಸಲ ಕೂಗುತ್ತೇನೆ. ಬೇಡ ಅಂದರೆ ನಾನೇ ನಿನ್ನ ಬೀದಿಗೆ ಬಂದು ಕೂಗುತ್ತೇನೆ, ನಿನ್ನ ನೆರೆಯವರ ಮುಂದೆ. ಯಾವುದು ವಾಸಿ ನೀನೇ ನೋಡು.

ಹತ್ತಿ ಹಿಂಜಿ ಆಯಿತು. ಬಿಸಿಲಿಗೆ ಹರಡಿ, ಮತ್ತೆ ತುಂಬಿದ್ದೇನೆ. ಆರು ವರ್ಷ ನೀನು ಮಲಗಿದ ಜಾಗ ಹತ್ತಿಯಲ್ಲಿ ಇನ್ನೂ ಕಾಣುತ್ತಿತ್ತು, ಒಂದೇ ಮಗ್ಗುಲು, ಗೋಡೆಯ ಕಡೆ ಒತ್ತಿಕೊಂಡು. ಅದನ್ನು ಹಿಂಜುವಾಗ ಮಾತ್ರ ಯಂತ್ರಕ್ಕೆ ಕೊಡಲಿಲ್ಲ, ಕೈಯಲ್ಲೇ ಬಿಡಿಸಿದೆ. ಕೂಲಿ ಎಷ್ಟೆಂದು ಬಂದಾಗ ಹೇಳುತ್ತೇನೆ. ಬಿಲ್ಲು ಕೊಡುತ್ತೇನೆ, ಹೆದರಬೇಡ.

ಮೂರು ಮೂಲೆ ಹೊಲಿದಿದ್ದೇನೆ. ಎಡಗಾಲ ಮೂಲೆ ಹಾಗೇ ಬಿಟ್ಟಿದ್ದೇನೆ. ಅದನ್ನು ಹೊಲಿಯುವುದು ನಿನಗೆ ಕಲಿಸಬೇಕು.

ಅತ್ತೆ